ಎತ್ತಂಗಡಿಯಾದ ಪುಸ್ತಕಗಳು: ಮಕ್ಕಳ ಗ್ರಂಥಾಲಯದ ಕಪಾಟು ಕುರಿತ ವಿವಾದಗಳ ಚರಿತ್ರೆ (1959–2025)

ಸರ್ಕಾರಿ ನೌಕರನನ್ನು ವಜಾ ಮಾಡುವುದು ಕಷ್ಟ, ಎತ್ತಂಗಡಿ ಮಾಡುವುದು ಸುಲಭ. ಗ್ರಂಥಾಲಯದ ಪುಸ್ತಕಗಳ ಪಾಲಿಗೂ ಇಂಥದೊಂದು ಪರಂಪರೆಯಿದೆ. ಲಿಂಗತ್ವ, ಸಲಿಂಗ ದಾಂಪತ್ಯ ಮುಂತಾದ ವಸ್ತುಗಳುಳ್ಳ ಮಕ್ಕಳ ಪುಸ್ತಕಗಳ ಸುತ್ತ ನಡೆದ ಜಗಳಗಳನ್ನು ‘ನಿಷೇಧ’ದ ಚರಿತ್ರೆಯೆಂದು ಓದುವುದು ರೂಢಿ. ಆದರೆ ಹಲವು ಮುಖ್ಯ ಪ್ರಕರಣಗಳಲ್ಲಿ ನಿಷೇಧದ ಮಾತೇ ಇಲ್ಲ. ಪುಸ್ತಕ ಎಲ್ಲಿರಬೇಕು ಎಂಬುದೇ ತಕರಾರು. ಅಮೆರಿಕ ಮತ್ತು ಸಿಂಗಪುರದ ಕೆಲವು ಪ್ರಕರಣಗಳ ಮೂಲಕ ಆ ಜಾಗದ ಚರಿತ್ರೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಜಾಗಕ್ಕೆ ಇಷ್ಟು ಮಹತ್ವವೇಕೆ? 1931ರಲ್ಲಿ ಎಸ್. ಆರ್. ರಂಗನಾಥನ್ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬುದು ಅವರ ಮೂರನೆಯ ಸೂತ್ರ. ಓದುಗ ತಾನೇ ಕೈಹಾಕಿ ತೆಗೆದುಕೊಳ್ಳಬಹುದಾದ ತೆರೆದ ಕಪಾಟು ಅದಕ್ಕೆ ಮುಖ್ಯ ದಾರಿ. ಈ ಮಾತು ಮಕ್ಕಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಆರು ವರ್ಷದ ಮಗು ಕ್ಯಾಟಲಾಗು ತಿರುವಿಹಾಕುವುದಿಲ್ಲ. ಕೈಗೆಟುಕಿದ್ದನ್ನು ಎಳೆದು ಚಿತ್ರ ನೋಡುತ್ತದೆ. ಎಟುಕದ ಪುಸ್ತಕ ಅದರ ಮಟ್ಟಿಗೆ ಇಲ್ಲದ ಪುಸ್ತಕವೇ.

ಪೂರ್ವಪೀಠಿಕೆ: ಮೊಲಗಳ ಮದುವೆ

ಎತ್ತಂಗಡಿಯ ಈ ತಂತ್ರ ಲಿಂಗತ್ವದ ವಿವಾದದಿಂದ ಹುಟ್ಟಿದ್ದಲ್ಲ. 1958ರಲ್ಲಿ ಗಾರ್ತ್ ವಿಲಿಯಮ್ಸ್ ಬರೆದು ಚಿತ್ರಿಸಿದ ‘ದಿ ರ್ಯಾಬಿಟ್ಸ್ ವೆಡ್ಡಿಂಗ್’ನಲ್ಲಿ ಕಪ್ಪು ಮೊಲವೊಂದು ಬಿಳಿ ಮೊಲವನ್ನು ಮದುವೆಯಾಗುತ್ತದೆ. ವರ್ಣಭೇದ ಕಾನೂನಾಗಿದ್ದ ಅಲಬಾಮದಲ್ಲಿ ಇದು 1959ರಲ್ಲಿ ರಾಜಕೀಯ ವಿವಾದವಾಯಿತು. ಪುಸ್ತಕವನ್ನು ಸುಡಬೇಕೆಂದು ರಾಜ್ಯ ಸೆನೆಟರ್ ಇ. ಒ. ಎಡಿನ್ಸ್ ಪಟ್ಟುಹಿಡಿದರು. ರಾಜ್ಯ ಗ್ರಂಥಾಲಯ ಸೇವೆಯ ನಿರ್ದೇಶಕಿ ಎಮಿಲಿ ವೀಲಾಕ್ ರೀಡ್ ಅದನ್ನು ಕೈಬಿಡಲು ಒಪ್ಪಲಿಲ್ಲ. ಬದಲಿಗೆ ಕಾದಿರಿಸಿದ ಕಪಾಟಿಗೆ ಸೇರಿಸಿ, ಕೇಳಿದ ಗ್ರಂಥಾಲಯಗಳಿಗೆ ಕಳುಹಿಸುವ ವ್ಯವಸ್ಥೆ ಉಳಿಸಿಕೊಂಡರು. ಪುಸ್ತಕ ಸುಡುವವರ ಕೈಯಿಂದ ಪಾರಾಯಿತು, ಮಕ್ಕಳ ಕಣ್ಣಿನಿಂದ ಮರೆಯಾಯಿತು. ಮುಂದಿನ ಅರ್ಧ ಶತಮಾನದ ವಿವಾದಗಳಲ್ಲಿ ಈ ಇಬ್ಬಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಮುನ್ನೂರು ಸಹಿ: ವಿಚಿಟಾ ಫಾಲ್ಸ್

ಲೆಸ್ಲಿಯಾ ನ್ಯೂಮನ್ ಅವರ ‘ಹೆದರ್ ಹ್ಯಾಸ್ ಟೂ ಮಾಮೀಸ್’ (1989) ಮತ್ತು ಮೈಕಲ್ ವಿಲ್ಹಾಯ್ಟ್ ಅವರ ‘ಡ್ಯಾಡೀಸ್ ರೂಮ್‌ಮೇಟ್’ (1990) ಸಲಿಂಗ ದಂಪತಿಗಳ ಮನೆಯ ಮಗುವನ್ನು ಚಿತ್ರಪುಸ್ತಕಕ್ಕೆ ತಂದ ಮೊದಮೊದಲ ಕೃತಿಗಳಲ್ಲಿ ಸೇರುತ್ತವೆ. 1998ರಲ್ಲಿ ಟೆಕ್ಸಾಸಿನ ವಿಚಿಟಾ ಫಾಲ್ಸ್ ನಗರದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ರಾಬರ್ಟ್ ಜೆಫ್ರೆಸ್ ಗ್ರಂಥಾಲಯದ ಈ ಎರಡು ಪುಸ್ತಕಗಳನ್ನು ಹಿಂದಿರುಗಿಸದೆ, ಅವುಗಳ ಬೆಲೆ ಕಟ್ಟಿಬಿಟ್ಟರು. ಪರಿಣಾಮ ತಿರುಗುಬಾಣವಾಯಿತು: ಪುಸ್ತಕಗಳಿಗೆ ಬೇಡಿಕೆ ಏರಿತು, ದಾನವಾಗಿ ಹೊಸ ಪ್ರತಿಗಳು ಬಂದವು.

1999ರ ಫೆಬ್ರವರಿಯಲ್ಲಿ ನಗರಸಭೆ ‘ಆಲ್ಟ್‌ಮನ್ ನಿರ್ಣಯ’ ಅಂಗೀಕರಿಸಿತು. ಅದರಂತೆ ಗ್ರಂಥಾಲಯದ 300 ಸದಸ್ಯರು ಸಹಿ ಹಾಕಿದರೆ ಮಕ್ಕಳ ವಿಭಾಗದ ಪುಸ್ತಕವನ್ನು ವಯಸ್ಕರ ವಿಭಾಗಕ್ಕೆ ಸಾಗಿಸಬೇಕು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಪುಸ್ತಕ ಗ್ರಂಥಾಲಯದಲ್ಲೇ ಇರುವಾಗ ಯಾರ ಹಕ್ಕಿಗೆ ಧಕ್ಕೆಯಾಯಿತು ಎಂಬುದು ನಗರದ ವಾದದ ತಿರುಳು. 2000ದ ಸೆಪ್ಟೆಂಬರಿನಲ್ಲಿ ಫೆಡರಲ್ ನ್ಯಾಯಾಧೀಶ ಜೆರಿ ಬಕ್‌ಮೇಯರ್ ಈ ನಿರ್ಣಯವನ್ನು ಅಸಾಂವಿಧಾನಿಕವೆಂದು ಸಾರಿದರು. ಕಪಾಟು ಜಾಲಾಡುತ್ತ ಪುಸ್ತಕ ಹುಡುಕುವ ಮಗುವಿಗೂ ಪೋಷಕರಿಗೂ ಸ್ಥಳಾಂತರವೇ ಅಡ್ಡಿ ಎಂಬುದು ಒಂದು ಕಾರಣ. ಸರ್ಕಾರದ ಅಧಿಕಾರವನ್ನು 300 ಖಾಸಗಿ ವ್ಯಕ್ತಿಗಳ ಕೈಗಿತ್ತದ್ದು ಇನ್ನೊಂದು. ಜಾಗ ಬದಲಿಸುವುದೂ ನಿರ್ಬಂಧವಾಗಬಲ್ಲದು ಎಂಬುದು ಹೀಗೆ ತೀರ್ಪಿನ ಮಾತಾಯಿತು.

ಪೆಂಗ್ವಿನ್‌ಗಳ ಅಲೆದಾಟ

2005ರ ‘ಅಂಡ್ ಟ್ಯಾಂಗೋ ಮೇಕ್ಸ್ ತ್ರೀ’ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯದ ರಾಯ್ ಮತ್ತು ಸೈಲೋ ಎಂಬ ಎರಡು ಗಂಡು ಪೆಂಗ್ವಿನ್‌ಗಳು ಮರಿ ಸಾಕಿದ ನಿಜ ಘಟನೆಯನ್ನು ಆಧರಿಸಿದ್ದು. ಮರುವರ್ಷ ಮಿಸೌರಿಯ ಸವನ್ನಾ ಪಟ್ಟಣದಲ್ಲಿ ಪೋಷಕರ ದೂರು ಬಂದಾಗ ಗ್ರಂಥಾಲಯ ಅದನ್ನು ಕಥೆಗಳ ಸಾಲಿನಿಂದ ಕಥೇತರ ಸಾಲಿಗೆ ಸಾಗಿಸಿತು. ಅಲ್ಲಿ ಮಕ್ಕಳು ಅಕಸ್ಮಾತ್ತಾಗಿ ಎಡತಾಕುವ ಸಾಧ್ಯತೆ ಕಡಿಮೆ. ಕಥೆ ನಿಜವೆಂಬುದೇ ಎತ್ತಂಗಡಿಗೆ ನೆಪವಾಯಿತು.

ಕಪಾಟಿನಷ್ಟೇ ಪ್ರದರ್ಶನದ ಮೇಜೂ ವಿವಾದದ ನೆಲೆ. 2005ರ ಜೂನ್‌ನಲ್ಲಿ ಫ್ಲೋರಿಡಾದ ಟ್ಯಾಂಪಾದ ಶಾಖಾ ಗ್ರಂಥಾಲಯವೊಂದು ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮಾಸಕ್ಕೆಂದು ಪುಸ್ತಕಗಳನ್ನು ಜೋಡಿಸಿಟ್ಟಿತ್ತು. ಆಕ್ಷೇಪದ ಬೆನ್ನಿಗೇ, ಕೌಂಟಿಯ ಯಾವ ಇಲಾಖೆಯೂ ಪ್ರೈಡ್ ಆಚರಣೆಗಳನ್ನು ಗುರುತಿಸಬಾರದು, ಉತ್ತೇಜಿಸಬಾರದು ಎಂದು ಹಿಲ್ಸ್‌ಬರೋ ಕೌಂಟಿ ಆಯೋಗ 5–1 ಮತಗಳಿಂದ ತೀರ್ಮಾನಿಸಿತು. ಆ ನೀತಿ ರದ್ದಾದದ್ದು 2013ರಲ್ಲಿ.

ಅದೇ ಪೆಂಗ್ವಿನ್ ಪುಸ್ತಕ 2014ರ ಜುಲೈನಲ್ಲಿ ಸಿಂಗಪುರದಲ್ಲಿ ಬೇರೆಯೇ ಗತಿ ಕಂಡಿತು. ದೂರೊಂದರ ಮೇಲೆ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ಅದನ್ನೂ ‘ದಿ ವೈಟ್ ಸ್ವಾನ್ ಎಕ್ಸ್‌ಪ್ರೆಸ್’, ‘ಹೂಸ್ ಇನ್ ಮೈ ಫ್ಯಾಮಿಲಿ?’ ಕೃತಿಗಳನ್ನೂ ಕಪಾಟಿನಿಂದ ತೆಗೆಯಿತು. ಅವನ್ನು ನೆನೆಹಾಕಿ ರದ್ದಿ ಮಾಡುವುದಾಗಿ ತಿಳಿಸಿತು. ಗಂಡಸರ ನಡುವಿನ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ವಸಾಹತು ಕಾಲದ 377ಎ ಸೆಕ್ಷನ್ ಆಗಿನ್ನೂ ಅಲ್ಲಿನ ಕಾನೂನಿನಲ್ಲಿತ್ತು. ನಮ್ಮ ಹಳೆಯ ದಂಡಸಂಹಿತೆಯಲ್ಲಿದ್ದ 377ನೇ ಕಲಮಿನ ದಾಯಾದಿ ಅದು. ಆದರೂ ಜುಲೈ 13ರಂದು ಸುಮಾರು 400 ಮಂದಿ, ಮಕ್ಕಳ ಸಮೇತ, ರಾಷ್ಟ್ರೀಯ ಗ್ರಂಥಾಲಯದ ಅಂಗಳದಲ್ಲಿ ಕುಳಿತು ಆ ಪುಸ್ತಕಗಳನ್ನು ಓದಿದರು. ಜುಲೈ 18ರಂದು ಸಚಿವ ಯಾಕೂಬ್ ಇಬ್ರಾಹಿಂ ಉಳಿದ ಎರಡು ಪುಸ್ತಕಗಳನ್ನು ವಯಸ್ಕರ ವಿಭಾಗದಲ್ಲಿಡಲು ಸೂಚಿಸಿದರು. ಮೂರನೆಯದು ಅಷ್ಟರಲ್ಲಿ ರದ್ದಿಯಾಗಿಹೋಗಿತ್ತು.

ಹೋಲಿಕೆ ಇಲ್ಲಿ ಫಲ ಕೊಡುತ್ತದೆ. ಟೆಕ್ಸಾಸಿನಲ್ಲಿ ಶಿಕ್ಷೆಯಾಗಿದ್ದ ವಯಸ್ಕರ ಕಪಾಟೇ ಸಿಂಗಪುರದಲ್ಲಿ ಜೀವದಾನವಾಯಿತು. ಕಪಾಟಿಗೆ ತನ್ನದೇ ಆದ ಅರ್ಥವಿಲ್ಲ. ಪುಸ್ತಕ ಎಲ್ಲಿಂದ ಬಂತು, ಯಾರ ಮಾತಿಗೆ ಬಂತು ಎಂಬುದು ಅರ್ಥ ಕೊಡುತ್ತದೆ.

ತೀರ್ಪಿನ ತಿರುವು

ಆಕ್ಷೇಪಿಸುವ ಪೋಷಕರ ವಾದವನ್ನು ಬರೀ ಅಸಹನೆಯೆಂದು ತಳ್ಳಿಹಾಕಿದರೆ ಚರಿತ್ರೆ ಅರೆಯಾಗುತ್ತದೆ. ಯಾವ ವಿಷಯವನ್ನು ಯಾವ ವಯಸ್ಸಿನಲ್ಲಿ ಮಗುವಿಗೆ ಪರಿಚಯಿಸಬೇಕು ಎಂಬುದು ತಂದೆತಾಯಿಯರ ನಿರ್ಧಾರ ಎಂಬುದು ಅವರ ನಿಲುವು. ಗ್ರಂಥಪಾಲಕರೂ ದಿನವೂ ಆಯ್ಕೆ ಮಾಡುತ್ತಾರೆ, ಹಳತನ್ನು ವಿಲೇವಾರಿ ಮಾಡುತ್ತಾರೆ ಎಂಬುದೂ ನಿಜ. ತೊಡಕು ಬರುವುದು ಒಬ್ಬರ ಮನೆಯ ತೀರ್ಮಾನ ಊರಿನ ಎಲ್ಲ ಮಕ್ಕಳ ಕಪಾಟನ್ನು ಬದಲಿಸಿದಾಗ.

2021ರಲ್ಲಿ ಟೆಕ್ಸಾಸಿನ ಲಾನೋ ಕೌಂಟಿಯ ಗ್ರಂಥಾಲಯಗಳಿಂದ 17 ಪುಸ್ತಕಗಳು ಹೊರಬಿದ್ದವು. ಟ್ರಾನ್ಸ್ ಹುಡುಗಿಯೊಬ್ಬಳ ಆತ್ಮಕಥನ ‘ಬೀಯಿಂಗ್ ಜಾಝ್’ ಅದರಲ್ಲಿತ್ತು. ಹೂಸಿನ ಬಗೆಗಿನ ತಮಾಷೆಯ ಮಕ್ಕಳ ಪುಸ್ತಕಗಳೂ ಇದ್ದವು. 2022ರಲ್ಲಿ ಓದುಗರು ದಾವೆ ಹೂಡಿದರು. 2025ರ ಮೇ ತಿಂಗಳಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 10–7ರ ಬಹುಮತದಿಂದ ಓದುಗರ ವಿರುದ್ಧ ತೀರ್ಪಿತ್ತಿತು. ಮಾಹಿತಿ ಪಡೆಯುವ ಹಕ್ಕಿನ ಹೆಸರಿನಲ್ಲಿ ಪುಸ್ತಕ ತೆಗೆದದ್ದನ್ನು ಪ್ರಶ್ನಿಸಲಾಗದು ಎಂದಿತು. ಗ್ರಂಥಾಲಯ ಏನಿಡುತ್ತದೆ, ಏನು ತೆಗೆಯುತ್ತದೆ ಎಂಬುದು ಸರ್ಕಾರದ ಸ್ವಂತ ಅಭಿವ್ಯಕ್ತಿ ಎಂದು ಆ ಬಹುಮತದಲ್ಲಿದ್ದ ಹಲವು ನ್ಯಾಯಾಧೀಶರು ಹೇಳಿದರು. ವಿಚಿಟಾ ಫಾಲ್ಸ್ ಇರುವುದೂ ಇದೇ ನ್ಯಾಯಾಲಯದ ವ್ಯಾಪ್ತಿಯಲ್ಲಿ. 25 ವರ್ಷಗಳಲ್ಲಿ ಓದುಗನ ಹಕ್ಕಿನ ಜಾಗವಾಗಿದ್ದ ಕಪಾಟು ಆ ನ್ಯಾಯಾಧೀಶರ ಕಣ್ಣಲ್ಲಿ ಸರ್ಕಾರದ ಬಾಯಾಗಿ ಬದಲಾಯಿತು.

ಸಮಾರೋಪ

ಇಲ್ಲಿನ ಪ್ರಕರಣಗಳಲ್ಲಿ ಮೂರು ಪ್ರಶ್ನೆಗಳು ಸ್ಥಿರವಾಗಿವೆ: ಸಾಗಿಸಿದವರು ಯಾರು, ಯಾವ ಕ್ರಮದಿಂದ, ಮಗುವಿನ ಕೈಯಿಂದ ಎಷ್ಟು ದೂರಕ್ಕೆ. ಪುಸ್ತಕ ನಿಷೇಧವನ್ನು ಅಧ್ಯಯನ ಮಾಡುವವರು ಸಾಮಾನ್ಯವಾಗಿ ತೆಗೆದುಹಾಕಿದವುಗಳ ಪಟ್ಟಿಯಿಂದ ಆರಂಭಿಸುತ್ತಾರೆ. ಆ ಪಟ್ಟಿಗೆ ಎತ್ತಂಗಡಿ ಸಿಗುವುದಿಲ್ಲ. ಸವನ್ನಾದ ಪೆಂಗ್ವಿನ್‌ಗಳು ಗ್ರಂಥಾಲಯ ಬಿಟ್ಟು ಹೋಗಲೇ ಇಲ್ಲ. ದಾಸ್ತಾನು ಪರಿಶೀಲಿಸಲು ಬಂದ ಅಧಿಕಾರಿಗೆ ಅವು ಸಿಗುತ್ತವೆ. ಕಥೆ ಹುಡುಕುತ್ತ ಬಂದ ಮಗುವಿಗೆ ಸಿಗುತ್ತವೆಯೇ ಎಂಬುದೇ ಈ ಚರಿತ್ರೆಯ ಪ್ರಶ್ನೆ.