ಹೆಸರಿಲ್ಲದ ಗಂಡಸರು

ಸವದತ್ತಿಯ ಎಲ್ಲಮ್ಮನ ಕಥೆ ಒಂದು ನೋಟದಿಂದ ಮೊದಲಾಗುತ್ತದೆ. ಜಮದಗ್ನಿಯ ಹೆಂಡತಿ ರೇಣುಕೆ ನೀರು ತರಲು ಹೊಳೆಗೆ ಹೋದಳು. ಉಸುಕಿನ ಕೊಡ, ಹಾವಿನ ಸಿಂಬಿ; ಪಾತಿವ್ರತ್ಯದ ಬಲದಿಂದಲೇ ಆ ಕೊಡ ನಿಲ್ಲಬೇಕು. ಅಂದು ಹೊಳೆಯಲ್ಲಿ ಗಂಧರ್ವನೊಬ್ಬ ತನ್ನ ಹೆಂಡಿರೊಡನೆ ನೀರಾಟವಾಡುತ್ತಿದ್ದ. ಆಕೆ ನೋಡಿದಳು, ಕ್ಷಣಕಾಲ ಮನಸ್ಸು ಅತ್ತ ಹರಿಯಿತು, ಕೊಡ ಕರಗಿತು. ಮುಂದಿನದನ್ನು ಹೇಳದ ಅಜ್ಜಿ ನಮ್ಮ ಸೀಮೆಯಲ್ಲಿಲ್ಲ. ಗಂಡ ಸಿಟ್ಟಿಗೆದ್ದ, ಮಗ ಕೊಡಲಿ ಎತ್ತಿದ, ತಾಯಿಯ ತಲೆ ಹಾರಿತು. ಆಮೇಲೆ ವರದಿಂದ ಜೀವ ಬಂದಿತೆಂಬುದು ಬೇರೆ ಮಾತು. ನಾನು ಕೇಳಿದ ಕಥೆಗಳೊಳಗೆ ಆ ಗಂಧರ್ವನ ಗತಿ ಏನಾಯಿತೆಂದು ಯಾರೂ ಹೇಳಲಿಲ್ಲ. ಈಸಾಟ ಮುಗಿಸಿ ಸುಖವಾಗಿ ಮನೆಗೆ ಹೋಗಿರಬೇಕು.

ಒಂದು ನೋಟಕ್ಕಾಗಿ ತಲೆ ಕೊಟ್ಟ ಈ ತಾಯಿಯ ಹೆಸರಿನಲ್ಲಿಯೇ ನೂರಾರು ವರ್ಷ ಹೆಣ್ಣುಮಕ್ಕಳನ್ನು ಊರ ಗಂಡಸರಿಗೆ ಒಪ್ಪಿಸಿದೆವು. ಚರಿತ್ರೆಯಲ್ಲಿ ಇದಕ್ಕಿಂತ ಸೋಜಿಗದ ಸಂಗತಿ ನನಗೆ ಕಂಡಿಲ್ಲ.

ಘೋಡಗೇರಿಯ ಸುತ್ತಿನ ಹಳ್ಳಿಗಳಲ್ಲಿ, ಎಂದರೆ ಗೋಕಾಕ, ಹುಕ್ಕೇರಿ, ಮೂಡಲಗಿಯ ಕಡೆಗೆ, ಜೋಗತಿಯರನ್ನು ಕಾಣದೆ ಬೆಳೆದವರು ಕಡಿಮೆ. ಮಂಗಳವಾರ, ಶುಕ್ರವಾರ ಬಿದಿರಿನ ಪಡಲಗಿಯಲ್ಲಿ ದೇವಿಯನ್ನು ಹೊತ್ತು, ಕೊರಳಲ್ಲಿ ಕೆಂಪು-ಬಿಳಿಯ ಮುತ್ತು, ಹಣೆಯ ತುಂಬ ಭಂಡಾರ, ಚೌಡಿಕೆಯ ದನಿಯೊಡನೆ ಬಾಗಿಲಿಗೆ ಬರುವರು. ಮನೆಯ ಗೃಹಿಣಿ ಮೊರದಲ್ಲಿ ಜೋಳ ತಂದು ನೀಡಿ ಕೈಮುಗಿಯುವಳು. ಮೊದಲು ಬಾಗಿಲಲ್ಲಿ ದೇವಿ; ಅವಳು ಬೆನ್ನು ತಿರುಗಿಸಿದ ಕೂಡಲೇ ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿ ಇನ್ನೊಂದು ಹೆಸರು. ಆ ಹೆಸರನ್ನು ಓದುಗರು ಬಲ್ಲರು. ಅದಕ್ಕೆ ಪುಲ್ಲಿಂಗವಿಲ್ಲವೆಂಬುದನ್ನೂ ಬಲ್ಲರು. ಅಂಥ ಹೆಣ್ಣಿನ ಮನೆಗೆ ಹೋಗುವ ಗಂಡಸಿಗೆ ನಮ್ಮ ಭಾಷೆ ಕೊಟ್ಟ ಹೆಸರುಗಳು 'ರಸಿಕ', 'ಶೋಕಿಯವ' ಮುಂತಾದವು; ಇವನ್ನು ಬೈಗಳೆಂದು ತಿಳಿದು ಯಾರೂ ಕೋರ್ಟಿಗೆ ಹೋಗಲಾರರು.

ಮುತ್ತು ಕಟ್ಟುವುದೆಂದರೆ ಹುಡುಗಿಯನ್ನು ದೇವಿಗೆ ಬಿಡುವುದು. ತಲೆಯಲ್ಲಿ ಜಡೆಗಟ್ಟಿತು, ಮನೆಯಲ್ಲಿ ಬೇನೆ ಬಂದಿತು, ಗಂಡುಮಗನಿಲ್ಲ, ತಿನ್ನಲಿಕ್ಕಿಲ್ಲ: ಕಾರಣಗಳು ಹೀಗಿದ್ದವು. ಬಿಟ್ಟವರಲ್ಲಿ ಬಹುಮಂದಿ ಹೊಲೆಯರ, ಮಾದಿಗರ ಮಕ್ಕಳು. ಹಗಲು ಮುಟ್ಟಿದರೆ ಮೈಲಿಗೆಯಾಗುವ ಮೈ ರಾತ್ರಿ ಹೊಲದೊಡೆಯನಿಗೆ ಮೈಲಿಗೆಯಾಗುತ್ತಿರಲಿಲ್ಲ. ಕೆಲವು ಕಡೆ ಇವಳನ್ನು 'ಬಸವಿ' ಎನ್ನುವರು. ಬಸವ ಎಂದರೆ ದೇವರ ಹೆಸರಿನಲ್ಲಿ ಬಿಟ್ಟ ಗೂಳಿ. ಅದರ ಸ್ತ್ರೀಲಿಂಗ ಬಸವಿ. ಹೋಲಿಕೆ ಚೆಂದವಾಗಿದೆ, ಆದರೆ ತಲೆಕೆಳಗಾಗಿದೆ. ಗೂಳಿ ತನಗೆ ಬೇಕಾದ ಹೊಲವನ್ನು ಮೇಯುತ್ತದೆ. ಬಸವಿಯೇ ಹೊಲ.

ಇಲ್ಲಿ ಒಂದು ಮಾತಿಗೆ ಉತ್ತರ ಹೇಳಬೇಕಾಗಿದೆ. ದೇವದಾಸಿ ಹಿಂದಿನ ಕಾಲದ ಸ್ವತಂತ್ರ ಸ್ತ್ರೀ ಎಂದು ಬರೆಯುವ ವಿದ್ವಾಂಸರು ಉಂಟು. ಅವಳಿಗೆ ವೈಧವ್ಯವಿಲ್ಲ, ಅತ್ತೆಯ ಕಾಟವಿಲ್ಲ, ಗಂಡುಮಗನಂತೆ ತಂದೆಯ ಮನೆಯಲ್ಲಿದ್ದು ಆಸ್ತಿಗೆ ವಾರಸುದಾರಳಾಗುತ್ತಾಳೆ ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬಸವಿ ಗಂಡುಮಗನ ಸ್ಥಾನದಲ್ಲಿ ನಿಂತು ಮನೆತನ ನಡೆಸಿದ್ದು ನಿಜ. ಆದರೆ ವೈಧವ್ಯವಿಲ್ಲವೆಂಬವರು ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯನ್ನು ಮರೆಯುತ್ತಾರೆ. ಜಮದಗ್ನಿ ಸತ್ತು ಎಲ್ಲಮ್ಮ ರಂಡೆಯಾದಳೆಂದು ಅಂದು ಜೋಗತಿಯರ ಬಳೆ ಒಡೆಯುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ತಿರುಗಿ ಮುತ್ತೈದೆತನ. ವರುಷಕ್ಕೊಮ್ಮೆ ವಿಧವೆಯಾಗುವ ನಿತ್ಯಸುಮಂಗಲಿ ಅವಳು. ಇನ್ನು ಸ್ವಾತಂತ್ರ್ಯ. ಅದನ್ನು ಅಳೆಯುವ ನನ್ನ ಗಜಕಡ್ಡಿ ಒಂದೇ: ಬೇಡವೆಂದಾಗ ಬೇಡವೆನ್ನಲು ಅವಳಿಗೆ ಬರುತ್ತಿತ್ತೆ? ಏಳೆಂಟು ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡ ಮಗುವಿಗೆ ಯಾವ ಬೇಕು, ಯಾವ ಬೇಡ? ಅತ್ತ ಗರತಿಗೋ ಮನೆತನದ ಹೆಸರು ಸಿಕ್ಕಿತು. ತನಗೊಂದು ಆಸೆಯುಂಟೆಂದು ಹೇಳುವ ಬಾಯಿ ಸಿಕ್ಕಲಿಲ್ಲ. ರೇಣುಕೆಯ ಗತಿ ಅವಳಿಗೆ ಗೊತ್ತಿತ್ತು.

ಆದರೆ ಈ ನಾಚಿಕೆಯ ಹಂಚಿಕೆ ಅನಾದಿಕಾಲದಿಂದ ಹೀಗೆಯೇ ಇತ್ತೆಂದು ತಿಳಿಯಬೇಕಾಗಿಲ್ಲ. ಬಾದಾಮಿಯ ಹತ್ತಿರ ಮಹಾಕೂಟದಲ್ಲಿ ಎಂಟನೆಯ ಶತಮಾನದ ಒಂದು ಕನ್ನಡ ಶಾಸನವಿದೆ. ಚಾಲುಕ್ಯ ವಿಜಯಾದಿತ್ಯನ (696–733) ಪ್ರಾಣವಲ್ಲಭೆಯಾದ ವಿನಾಪೋಟಿಯೆಂಬವಳು ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿ, ಬೆಳ್ಳಿಯ ಕೊಡೆ ಎತ್ತಿಸಿ, ಹೊಲ ಬಿಟ್ಟ ಸಂಗತಿ ಅದರಲ್ಲಿದೆ. ಶಾಸನ ಅವಳನ್ನು ಸೂಳೆಯೆಂದೇ ಕರೆಯುತ್ತದೆ, ಆದರೆ ಗೌರವದ ಬಹುವಚನ ಹಚ್ಚಿ ಕರೆಯುತ್ತದೆ. ಅವಳು ಯಾರ ಮಗಳು? ಕುಚಿಪೋಟಿಯ ಮಗಳು. ಕುಚಿಪೋಟಿ ಯಾರ ಮಗಳು? ರೇವಮಂಚಳೆಯ ಮಗಳು. ಅಜ್ಜಿ, ತಾಯಿ, ಮಗಳು: ವಂಶ ಹೀಗೆ ಇಳಿದು ಬಂದಿದೆ. ತಂದೆಯ ಹೆಸರಿಲ್ಲ, ಇಲ್ಲವೆಂಬ ಅಳುಕೂ ಇಲ್ಲ. ಅರಸನ ಕೃಪೆಯಲ್ಲಿದ್ದ ಒಬ್ಬಳ ಮಾತಿದು, ಹಳ್ಳಿಯ ಬಡ ಹೆಣ್ಣಿನದಲ್ಲವೆಂಬುದನ್ನು ಒಪ್ಪೋಣ. ಆದರೂ ಕಲ್ಲಿನ ಮೇಲೆ ಬರೆಸುವಾಗ ಯಾರಿಗೂ ಆ ಶಬ್ದ ನುಂಗಿಕೊಳ್ಳಬೇಕೆನಿಸಲಿಲ್ಲ.

ಹನ್ನೆರಡನೆಯ ಶತಮಾನಕ್ಕೆ ಬಂದರೆ ಶಬ್ದ ಆಗಲೇ ಮುಳ್ಳಾಗಿದೆ. ಶರಣರ ನಡುವೆ ಸೂಳೆ ಸಂಕವ್ವೆ ಎಂಬವಳಿದ್ದಳು. ಅವಳದೆಂದು ಉಳಿದಿರುವ ವಚನ ಒಂದೇ ಒಂದು. ಅದರ ಅಂಕಿತ 'ನಿರ್ಲಜ್ಜೇಶ್ವರ'. ಲೋಕವೆಲ್ಲ ತನಗೆ ನಾಚಿಕೆಗೆಟ್ಟವಳೆನ್ನುವಾಗ ಲಜ್ಜೆಯಿಲ್ಲದವನನ್ನೇ ಈಶ್ವರನೆಂದು ಹಿಡಿದ ಧೈರ್ಯಕ್ಕೆ ಸಮನಾದದ್ದನ್ನು ನಾನು ನಮ್ಮ ಸಾಹಿತ್ಯದಲ್ಲಿ ಹುಡುಕುತ್ತಲೇ ಇದ್ದೇನೆ.

ಸಂಕವ್ವೆಗೆ ಹತ್ತಿರ ಬರುವವಳೆಂದರೆ ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಈ ದೇವದಾಸಿ ಸಂಗೀತದಲ್ಲಿಯೂ ವಿದ್ಯೆಯಲ್ಲಿಯೂ ಹೆಸರಾದವಳು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯೆಂಬ ಗಣಿಕೆ ಬರೆದ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಶೃಂಗಾರ ಕಾವ್ಯವನ್ನು ಶುದ್ಧಪಾಠದೊಡನೆ 1910ರಲ್ಲಿ ಆಕೆ ಅಚ್ಚು ಹಾಕಿಸಿದಳು. ವೀರೇಶಲಿಂಗಂ ಪಂತುಲು ಅಂಥ ದೊಡ್ಡ ಸುಧಾರಕರು, ವಿಧವಾವಿವಾಹಕ್ಕಾಗಿ ಬಾಳು ಸವೆಸಿದವರು, ಮುದ್ದುಪಳನಿಯನ್ನು ಜಾರಿಣಿಯೆಂದೂ, ಆ ಕಾವ್ಯದ ಭಾಗಗಳು ಹೆಣ್ಣಿನ ಬಾಯಲ್ಲಿ ಬರತಕ್ಕವಲ್ಲವೆಂದೂ ಬರೆದಿದ್ದರು. ನಾಗರತ್ನಮ್ಮನ ಮರುಪ್ರಶ್ನೆ ನೇರವಾಗಿತ್ತು: ನಾಚಿಕೆಯೆಂಬುದು ಹೆಣ್ಣಿಗೆ ಮಾತ್ರ ಸಹಜವೇ? ಇದಕ್ಕಿಂತ ಹಸಿಯಾಗಿ ಬರೆದ ಗಂಡಸರ ಕಾವ್ಯಗಳನ್ನು ಪಂತುಲು ಅವರೇ ಒಪ್ಪಿಲ್ಲವೇ? ಉತ್ತರ ಬಂದದ್ದು ಪೊಲೀಸರಿಂದ. 1911ರಲ್ಲಿ ಸರಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ನಿಷೇಧ ತೆಗೆಯಲು ಟಂಗುಟೂರಿ ಪ್ರಕಾಶಂ ಮದ್ರಾಸಿನ ಪ್ರಧಾನಿಯಾಗುವವರೆಗೆ ಕಾಯಬೇಕಾಯಿತು. ಅದೇ ನಾಗರತ್ನಮ್ಮ ತನ್ನ ಗಳಿಕೆಯಿಂದ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. ಆ ಆರಾಧನೆಯಲ್ಲಿ ಹೆಂಗಸರು ಹಾಡಬಾರದೆಂಬ ಕಟ್ಟಿತ್ತು! ಹಣ ಶುದ್ಧ, ದನಿ ಅಶುದ್ಧ. ಅದನ್ನೂ ಆಕೆ ಮುರಿದೇ ಬಿಟ್ಟಳು.

ಇದು ನಮ್ಮ ದೇಶದ ರೋಗ ಮಾತ್ರವೆಂದು ತಿಳಿಯಬಾರದು. ನಮ್ಮ ಬೆಳಗಾವಿ ಇದ್ದ ಮುಂಬಯಿ ಇಲಾಖೆಯಲ್ಲಿಯೇ, ಪುಣೆಯಲ್ಲಿ, ಜೋತೀಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ'ಯನ್ನು ಬರೆದು, ಕರಿಯ ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಎರಡು ದೇಶಗಳ ದಾಸ್ಯವನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡುವ ಕಣ್ಣು ಅವರಿಗಿತ್ತು. ಅದೇ ಕಣ್ಣಿನಿಂದ ಅಲ್ಲಿಯ ಕರಿಯ ಹೆಣ್ಣನ್ನು ನೋಡಿದರೆ ನಮ್ಮ ಬಸವಿಯ ಗುರುತು ಹತ್ತುತ್ತದೆ. 1662ರಲ್ಲಿಯೇ ವರ್ಜೀನಿಯಾದ ಬಿಳಿಯರು ಕಾನೂನು ಮಾಡಿಕೊಂಡರು: ಮಗು ತಾಯಿಯ ಸ್ಥಿತಿಯನ್ನು ಹೊಂದತಕ್ಕದ್ದು. ಎಂದರೆ ಗುಲಾಮಳಲ್ಲಿ ಒಡೆಯನಿಗೆ ಹುಟ್ಟಿದ ಮಗು ಗುಲಾಮ. ತಂದೆಗೆ ಜವಾಬ್ದಾರಿ ಇಲ್ಲ, ಲಾಭ ಉಂಟು. ಈ ಪಾಪ ಮುಚ್ಚಲು ಕರಿಯ ಹೆಣ್ಣು ಹುಟ್ಟಾ ಕಾಮುಕಿ ಎಂಬ ಕಥೆ ಹುಟ್ಟಿತು. ಯಾವಾಗಲೂ ಒಪ್ಪಿರುವವಳ ಮೇಲೆ ಬಲಾತ್ಕಾರವೆಂಬುದು ಇರಲು ಹೇಗೆ ಸಾಧ್ಯ, ಎಂಬುದು ಅವರ ತರ್ಕ. ಹ್ಯಾರಿಯೆಟ್ ಜೇಕಬ್ಸ್ ಎಂಬಾಕೆ 1861ರಲ್ಲಿ ತನ್ನ ಗುಲಾಮಗಿರಿಯ ಕಥೆಯನ್ನು ಹೆಸರು ಮರೆಸಿ ಅಚ್ಚು ಹಾಕಿಸಿದಳು. ಬೆನ್ನು ಹತ್ತಿದ ಒಡೆಯನಿಂದ ತಪ್ಪಿಸಿಕೊಳ್ಳಲು ತಾನಾಗಿ ಬೇರೊಬ್ಬನನ್ನು ಆರಿಸಿಕೊಂಡುದನ್ನು ಅದರಲ್ಲಿ ಹೇಳಿದ್ದಾಳೆ. ಬಿಡುಗಡೆ ಬಂದ ಮೇಲೂ ಆ ಹೆಣ್ಣುಗಳು ಎರಡು ಕಲ್ಲುಗಳ ನಡುವೆ ಸಿಕ್ಕರು. ಸುಮ್ಮನಿದ್ದು ಸಭ್ಯರೆನಿಸಿಕೊಳ್ಳಬೇಕು, ಇಲ್ಲವೆ ಬಾಯಿ ತೆರೆದು ಹಳೆಯ ಅಪವಾದವನ್ನು ದಿಟ ಮಾಡಬೇಕು. 1920ರ ದಶಕದಲ್ಲಿ ಮಾ ರೇನಿ, ಬೆಸ್ಸಿ ಸ್ಮಿತ್ ಎಂಬ ಗಾಯಕಿಯರು ಗ್ರಾಮಫೋನಿನ ಮೇಲೆ ತಮ್ಮ ಆಸೆ, ತಮ್ಮ ಮುನಿಸುಗಳನ್ನು ತಮ್ಮದೇ ಬಾಯಿಂದ ಹಾಡಿದಾಗ, ಅವರ ಜನರಲ್ಲಿಯೇ ಮರ್ಯಾದಸ್ಥರು ಕಿವಿ ಮುಚ್ಚಿಕೊಂಡರು.

ನಮ್ಮ ಕಡೆಯೂ ಗ್ರಾಮಫೋನು ಬಂದಿತು, ಹಾಡುವ ಹೆಂಗಸರ ಹೆಸರಿನ ಮುಂದೆ 'ಬಾಯಿ' ಉಳಿಯಿತು. ಗಂಗೂಬಾಯಿ ಹಾನಗಲ್ ಅವರು ನಗುತ್ತ ಹೇಳುತ್ತಿದ್ದ ಮಾತೊಂದುಂಟು: ಹಾಡುವವನು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಬಾಯಿಯರಾಗಿಯೇ ಉಳಿಯುತ್ತಾರೆ. ಹಾನಗಲ್ಲರು ನಕ್ಕರು, ಕೇಳಿದವರೂ ನಕ್ಕರು.

ಇನ್ನು ಕಾಯಿದೆಯ ಕಡೆಗೆ ಬರೋಣ. ನಮ್ಮ ನಾಲ್ಕು ಜಿಲ್ಲೆಗಳು ಮುಂಬಯಿಗೆ ಸೇರಿದ್ದಾಗ, 1934ರಲ್ಲಿ ಮುಂಬಯಿ ದೇವದಾಸಿ ಸಂರಕ್ಷಣ ಕಾಯಿದೆ ಬಂದಿತು. ದೇವರಿಗೆ ಬಿಡುವುದು ಅಪರಾಧವಾಯಿತು, ದೇವದಾಸಿ ಮದುವೆಯಾದರೆ ಅದು ಸಿಂಧುವೆಂದಾಯಿತು. ಕಾಯಿದೆ ಪುಸ್ತಕದಲ್ಲಿತ್ತು, ಜಾತ್ರೆ ಗುಡ್ಡದಲ್ಲಿ ನಡೆದಿತ್ತು. ಕರ್ನಾಟಕ ಸರಕಾರ 1982ರಲ್ಲಿ ಇನ್ನಷ್ಟು ಬಿಗಿಯಾದ ಕಾಯಿದೆ ಮಾಡಿತು. ಮುತ್ತು ಕಟ್ಟಿಸಿದವರಿಗೆ, ಕಾರ್ಯದಲ್ಲಿ ಭಾಗಿಯಾದವರಿಗೆ ಮೂರು ವರ್ಷದವರೆಗೆ ಸೆರೆ. ಹೆತ್ತವರೇ ಕಟ್ಟಿಸಿದ್ದರೆ ಐದು ವರ್ಷದವರೆಗೆ. ನಾನು ಇದನ್ನು ಕಲಮು ಕಲಮಾಗಿ ಓದಿದೆ. ತಂದೆ ಇದ್ದಾನೆ, ತಾಯಿ ಇದ್ದಾಳೆ, ಪೂಜಾರಿ ಇದ್ದಾನೆ. ಯಾರ ಸಲುವಾಗಿ ಹುಡುಗಿಯನ್ನು ಸಿದ್ಧಮಾಡಿದರೋ, ಮೈನೆರೆದ ಮೇಲೆ ಸೀರೆ-ದುಡ್ಡು ಕಳಿಸಿ ಯಾರು ಬಂದನೋ, ಆ ಮನುಷ್ಯ ಮಾತ್ರ ಎಲ್ಲಿಯೂ ಹೆಸರಿಗೆ ಬರುವುದಿಲ್ಲ. ಗಂಧರ್ವ ಇಲ್ಲಿಯೂ ಈಸಿ ಮನೆಗೆ ಹೋದ.

ಎಣಿಕೆಯೂ ಹೀಗೆಯೇ. 1993–94ರ ಸಮೀಕ್ಷೆಯಲ್ಲಿ ಸರಕಾರ 22,873 ದೇವದಾಸಿಯರನ್ನು ಗುರುತಿಸಿತು. 2007–08ರ ಎಣಿಕೆ ಸೇರಿ 46,660 ಆಯಿತು. ಅವರನ್ನು ಇಟ್ಟುಕೊಂಡವರ ಎಣಿಕೆಗೆ ಯಾವ ಗುಮಾಸ್ತನನ್ನೂ ಕಳಿಸಲಿಲ್ಲ. ಅವರು ಕಾಡಿನಲ್ಲಿದ್ದವರಲ್ಲ. ಹೊಲವುಳ್ಳವರು, ಅಂಗಡಿಯುಳ್ಳವರು, ಪಂಚಾಯತಿಯಲ್ಲಿ ಕೂಡ್ರುವವರು; ಮನೆಯಲ್ಲಿ ಮಗಳು ಎರಡು ಹೆಜ್ಜೆ ಹೊರಗಿಟ್ಟರೆ ಸಿಡಿಮಿಡಿಗೊಳ್ಳುವವರು. ಪಟ್ಟಣದ ನಾವೂ ಅವರ ಬಳಗವೇ.

ಘೋಡಗೇರಿಗೆ ದೂರವಲ್ಲದ ಘಟಪ್ರಭಾದಲ್ಲಿ 1990ರ ದಶಕದಲ್ಲಿ ಮಾಜಿ ದೇವದಾಸಿಯರೇ ಕೂಡಿ 'ಮಾಸ್' ಎಂಬ ಸಂಸ್ಥೆಯನ್ನು ಕಟ್ಟಿಕೊಂಡರು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣ ಸಂಸ್ಥೆ ಎಂದು ಅದರ ಪೂರ್ತಿ ಹೆಸರು. ಅದನ್ನು ನಡೆಸಿದ ಸೀತವ್ವ ಜೋಡಟ್ಟಿಯವರು ಏಳು ವರ್ಷದವರಿದ್ದಾಗ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಹಿಂದೆ ಸುಧಾರಕರು ಬಂದು ಇವರಿಗೆ ನೀತಿ ಹೇಳಿದ್ದರು. ಇಲ್ಲಿ ಅನುಭವಿಸಿದವರೇ ಮನೆಮನೆಗೆ ಹೋಗಿ, ಮುತ್ತು ಕಟ್ಟುವ ಸುಳಿವು ಹತ್ತಿದಲ್ಲಿ ತಡೆದು, ಉಳಿತಾಯದ ಸಂಘ ಮಾಡಿದರು. ಪತಿತರ ಉದ್ಧಾರವೆಂದು ಯಾರಾದರೂ ಭಾಷಣ ಬಿಗಿದರೆ ಇವರಿಗೆ ಏನೆನಿಸುತ್ತದೆಯೋ, ನಾನು ಊಹಿಸಬಲ್ಲೆ.

ಉಳಿದದ್ದು ಮಕ್ಕಳ ಪ್ರಶ್ನೆ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರು 'ತಂದೆಯ ಹೆಸರು?' ಎನ್ನುವನು, ತಾಯಿ ನೆಲ ನೋಡುವಳು. ವಿನಾಪೋಟಿಗೆ ಕಲ್ಲಿನ ಮೇಲೆ ಬೇಡವಾದ ಹೆಸರು ಈ ಹುಡುಗನಿಗೆ ಕಾಗದದ ಮೇಲೆ ಬೇಕಾಯಿತು. 2025ರಲ್ಲಿ ಕರ್ನಾಟಕ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯಲ್ಲಿ, ದೇವದಾಸಿಯ ಮಗು ತನ್ನ ತಂದೆ ಯಾರೆಂದು ಕೇಳಿ ಪಡೆಯುವ ಹಕ್ಕಿನ ಮಾತು ಬಂದಿದೆ. ತೊಂಬತ್ತು ವರ್ಷಗಳ ಕಾಯಿದೆಯ ಕಾಗದಗಳಲ್ಲಿ ಆ ಮನುಷ್ಯನ ಕಡೆಗೆ ಬೆರಳು ತಿರುಗಿದ್ದು ಇದೇ ಮೊದಲು. ಕೇಳುವ ಮಗು ಅವನ ಹೊಲದಲ್ಲಿಯೇ ಕೂಲಿಗೆ ಹೋಗುತ್ತಿರಬಹುದು, ತಾಯಿ ಅವನ ಹಟ್ಟಿಯಲ್ಲಿಯೇ ಸಗಣಿ ಬಳಿಯುತ್ತಿರಬಹುದು. ಅವರಲ್ಲಿ ಮೊದಲು ಯಾರು ಹೋಗಿ ಆ ಹೆಸರನ್ನು ಬರೆಸುತ್ತಾರೆಂದು ನಾನು ಕಾಯುತ್ತಿದ್ದೇನೆ.