ಸತ್ಯಮೂರ್ತಿ, ಎಸ್.

(1887–1943) ಸ್ವಾತಂತ್ರ್ಯ ಹೋರಾಟಗಾರ, ಸಂಸದೀಯ ಪಟು, ಮದರಾಸಿನ ಮೇಯರ್. ಬದುಕಿನ ಬಹುಭಾಗವನ್ನು ವಿರೋಧ ಪಕ್ಷದ ಸಾಲಿನಲ್ಲೇ ಕಳೆದ ಇವರಿಗೆ ಆಡಳಿತದ ಹೊಣೆ ಸಿಕ್ಕಿದ್ದು ನಗರಸಭೆಯಲ್ಲಿ, ಒಂದೇ ಒಂದು ಅವಧಿಗೆ. ಚೆನ್ನೈ ಇಂದಿಗೂ ನೆಚ್ಚಿಕೊಂಡಿರುವ ಪೂಂಡಿ ಜಲಾಶಯ ಆ ಅವಧಿಯ ಫಲ.

ಹುಟ್ಟಿದ್ದು 1887ರ ಆಗಸ್ಟ್ 19ರಂದು, ಪುದುಕೋಟೆ ಸಂಸ್ಥಾನದ ತಿರುಮಯಂನಲ್ಲಿ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು ವಕೀಲರಾದರು. ಮಾಂಟೆಗೊ–ಚೆಮ್ಸ್‌ಫರ್ಡ್ ಸುಧಾರಣೆಗಳ ಬಗ್ಗೆ ಭಾರತದ ನಿಲುವನ್ನು ತಿಳಿಸಲು 1919ರಲ್ಲಿ ಕಾಂಗ್ರೆಸ್ ಲಂಡನ್ನಿಗೆ ಕಳಿಸಿದ ನಿಯೋಗದಲ್ಲಿ ಇವರೂ ಇದ್ದರು.

ಶಾಸನಸಭೆಗಳನ್ನು ಬಹಿಷ್ಕರಿಸಬೇಕೆಂಬ ಗಾಂಧೀಜಿಯವರ ನಿಲುವು ಇವರಿಗೆ ಒಪ್ಪಿಗೆಯಾಗಲಿಲ್ಲ. ಸಭೆಯೊಳಗೆ ಹೊಕ್ಕು ಸರ್ಕಾರವನ್ನು ಎದುರಿಸಬೇಕೆಂಬ ಸ್ವರಾಜ್ಯ ಪಕ್ಷವನ್ನು ಸೇರಿ ಮದರಾಸು ಶಾಸನ ಪರಿಷತ್ತಿಗೆ ಆಯ್ಕೆಯಾದರು. 1928ರಲ್ಲಿ ಸರ್ಕಾರ ಸುಬ್ರಹ್ಮಣ್ಯ ಭಾರತಿಯವರ ಗೀತೆಗಳನ್ನು ಮುಟ್ಟುಗೋಲು ಹಾಕಿಕೊಂಡಾಗ ಸತ್ಯಮೂರ್ತಿ ಪರಿಷತ್ತಿನಲ್ಲಿ ಅದನ್ನು ಬಲವಾಗಿ ಖಂಡಿಸಿದರು. ಆದರೆ ದೇವದಾಸಿ ಪದ್ಧತಿಯ ನಿಷೇಧಕ್ಕೆ ಮುತ್ತುಲಕ್ಷ್ಮಿ ರೆಡ್ಡಿಯವರು ಶ್ರಮಿಸುತ್ತಿದ್ದಾಗ ಇದೇ ಸತ್ಯಮೂರ್ತಿ ಸಂಪ್ರದಾಯದ ಪರ ನಿಂತರು. ಇವರ ಸಾರ್ವಜನಿಕ ಜೀವನದಲ್ಲಿ ಸಮರ್ಥಿಸಲಾಗದ ನಿಲುವು ಇದು.

1930ರಲ್ಲಿ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಾಲಯದ ಮೇಲೆ ರಾಷ್ಟ್ರಧ್ವಜ ಹಾರಿಸಲು ಹೋಗಿ ಬಂಧಿತರಾದರು. 1934ರ ಕೇಂದ್ರ ಶಾಸನಸಭೆಯ ಚುನಾವಣೆಯಲ್ಲಿ, ಮುಂದೆ ಮೈಸೂರಿನ ಕೊನೆಯ ದಿವಾನರಾದ ಆರ್ಕಾಟ್ ರಾಮಸ್ವಾಮಿ ಮುದಲಿಯಾರರನ್ನು ಮದರಾಸು ನಗರದಲ್ಲಿ ಸೋಲಿಸಿದರು. ದೆಹಲಿಯಲ್ಲಿ ಭೂಲಾಭಾಯಿ ದೇಸಾಯಿಯವರ ನಾಯಕತ್ವದ ಕಾಂಗ್ರೆಸ್ ಪಕ್ಷಕ್ಕೆ ಉಪನಾಯಕರಾಗಿ ಹೆಸರು ಮಾಡಿದರು. 1937ರಲ್ಲಿ ಮದರಾಸಿನಲ್ಲಿ ರಾಜಾಜಿ ಮಂತ್ರಿಮಂಡಲ ರಚಿಸಿದಾಗ ಅದರಲ್ಲಿ ಇವರಿಗೆ ಸ್ಥಾನವಿರಲಿಲ್ಲ.

1939ರಲ್ಲಿ ಮೇಯರ್ ಪದವಿ ಬಂತು. ಆಗ ಮದರಾಸು ನೀರಿಗೆ ಹಾಹಾಕಾರ ಪಡುತ್ತಿತ್ತು. ನಗರಕ್ಕೆ ನೀರು ಬರುತ್ತಿದ್ದುದು ರೆಡ್‌ಹಿಲ್ಸ್ ಕೆರೆಯಿಂದ. ಕೊಸಸ್ಥಲೈ ನದಿಗೆ ತಾಮರೈಪಾಕ್ಕಂನಲ್ಲಿ ಕಟ್ಟಿದ ಅಣೆಕಟ್ಟೆಯಿಂದ ಆ ಕೆರೆಗೆ ನೀರು ತಿರುಗಿಸಲಾಗುತ್ತಿತ್ತು. ಆದರೆ ಹಿಂಗಾರಿನಲ್ಲಿ ನದಿ ತುಂಬಿ ಬಂದರೆ ಪ್ರವಾಹದ ನೀರನ್ನು ಮೇಲ್ಭಾಗದಲ್ಲಿ ತಡೆದು ಕೂಡಿಡುವ ಏರ್ಪಾಡು ಇರಲಿಲ್ಲ. ಹೆಚ್ಚಾದದ್ದೆಲ್ಲ ಎಣ್ಣೂರಿನ ಬಳಿ ಸಮುದ್ರದ ಪಾಲಾಗುತ್ತಿತ್ತು. ನಗರದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದ ಪೂಂಡಿಯಲ್ಲಿ ಜಲಾಶಯ ಕಟ್ಟಲೇಬೇಕೆಂದು ಸತ್ಯಮೂರ್ತಿ ಪಟ್ಟು ಹಿಡಿದರು.

ಕಾಲ ಅನುಕೂಲವಾಗಿರಲಿಲ್ಲ. ಮಹಾಯುದ್ಧ ಆರಂಭವಾಗಿತ್ತು, 1939ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಪ್ರಾಂತದ ಆಡಳಿತ ಗವರ್ನರರ ಕೈಸೇರಿತ್ತು. ಆದರೂ 1940ರಲ್ಲಿ ಗವರ್ನರ್ ಆರ್ಥರ್ ಹೋಪ್ ಅವರಿಂದಲೇ ಶಂಕುಸ್ಥಾಪನೆಯಾಯಿತು.

ಪಕ್ಷದೊಳಗೆ ಇವರು ಬೆಳೆಸಿದ ನಾಯಕ ಕೆ. ಕಾಮರಾಜ್. 1936ರಲ್ಲಿ ಪ್ರಾಂತೀಯ ಕಾಂಗ್ರೆಸ್ಸಿನ ಅಧ್ಯಕ್ಷರಾದ ಸತ್ಯಮೂರ್ತಿ ಕಾಮರಾಜರನ್ನು ಕಾರ್ಯದರ್ಶಿಯಾಗಿ ತೆಗೆದುಕೊಂಡರು. 1940ರಲ್ಲಿ ಶಿಷ್ಯ ಅಧ್ಯಕ್ಷನಾದಾಗ ಗುರು ಆತನ ಕೈಕೆಳಗೆ ಕಾರ್ಯದರ್ಶಿಯಾಗಿ ದುಡಿದರು. ಹಿರಿತನದ ಬಿಗುಮಾನವಿಲ್ಲದ ಇಂಥ ನಡತೆ ರಾಜಕೀಯದಲ್ಲಿ ಅಪರೂಪ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಬಂಧಿತರಾಗಿ ಅಮರಾವತಿ ಸೆರೆಮನೆಯಲ್ಲಿದ್ದಾಗ ಬೆನ್ನುಮೂಳೆಯ ನೋವಿನಿಂದ ನರಳಿದ ಸತ್ಯಮೂರ್ತಿ, 1943ರ ಮಾರ್ಚ್ 28ರಂದು ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಪೂಂಡಿಯ ಕಟ್ಟೆ ಪೂರ್ಣಗೊಂಡದ್ದು 1944ರಲ್ಲಿ.

ಜಲಾಶಯಕ್ಕೆ ಈಗ ಸತ್ಯಮೂರ್ತಿ ಸಾಗರ ಎಂದು ಹೆಸರು. ಚೆನ್ನೈನ ಕಾಂಗ್ರೆಸ್ ಕಚೇರಿ ಸತ್ಯಮೂರ್ತಿ ಭವನ. 1976ರ ಒಪ್ಪಂದದಂತೆ ಕರ್ನಾಟಕ, ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳು ತಮ್ಮ ಕೃಷ್ಣಾ ಪಾಲಿನಿಂದ ತಲಾ 5 ಟಿಎಂಸಿ ನೀರನ್ನು ಚೆನ್ನೈಗೆ ಬಿಟ್ಟುಕೊಟ್ಟಿವೆ. ತೆಲುಗು ಗಂಗಾ ಕಾಲುವೆಯಲ್ಲಿ ಹರಿದು ಬರುವ ಆ ನೀರು 1996ರಿಂದ ಸೇರುತ್ತಿರುವುದು ಇದೇ ಜಲಾಶಯವನ್ನು.