ಅಗ್ಗದ ಊರಿನ ಲೆಕ್ಕ

ಊರು ಬಿಟ್ಟು ಬಂದವರು ನಾಲ್ಕು ಜನ ಸೇರಿದರೆ ಮಾತು ಬೇಗನೆ ಬಾಡಿಗೆಯ ಕಡೆಗೆ ತಿರುಗುತ್ತದೆ. ಬೆಂಗಳೂರಿಗಿಂತ ಚೆನ್ನೈ ವಾಸಿ, ಕ್ಯಾಲಿಫೋರ್ನಿಯಾಕ್ಕಿಂತ ಟೆಕ್ಸಾಸ್ ವಾಸಿ ಎಂದು ಹೋಲಿಕೆಗಳು ಶುರುವಾಗುತ್ತವೆ. ಎಗ್ಮೋರಿನಲ್ಲಿ ಬಾಡಿಗೆಗಿರುವ ನನಗೆ ಈ ಮಾತು ಕೇಳಿದಾಗಲೆಲ್ಲ ಇನ್ನೊಂದು ಪ್ರಶ್ನೆ ಏಳುತ್ತದೆ. ಒಂದು ಊರು ತಾನಾಗಿಯೇ ಅಗ್ಗವಾಗಿರುತ್ತದೆಯೇ, ಅಥವಾ ಅದನ್ನು ಯಾರಾದರೂ ಅಗ್ಗ ಮಾಡುತ್ತಾರೆಯೇ? ಈ ಊರಿನಲ್ಲಿ ಕನ್ನಡಿಗರ ಚರಿತ್ರೆಯೇ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದ್ರಾಸಿನ ಆಡಳಿತದಲ್ಲೇ ಇತ್ತು. ಕೋರ್ಟು, ಕಾಲೇಜು, ಸರ್ಕಾರಿ ನೌಕರಿ ಎಲ್ಲಕ್ಕೂ ಕರಾವಳಿಯವರಿಗೆ ಮದ್ರಾಸೇ ರಾಜಧಾನಿ. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಮರುವರ್ಷ, 1908ರಲ್ಲಿ, ಎಗ್ಮೋರಿನ ಕೆಂಪು ನಿಲ್ದಾಣ ತೆರೆಯಿತು. ಮಂಗಳೂರಿನ ಗಾಡಿ ಸೆಂಟ್ರಲ್‌ಗೆ ಬರುತ್ತಿತ್ತು. ತಿರುಚಿ, ಮಧುರೆ ಕಡೆಯ ಮೀಟರ್ ಗೇಜ್ ಗಾಡಿಗಳು ಎಗ್ಮೋರಿಗೆ. ಎರಡೂ ನಿಲ್ದಾಣಗಳಲ್ಲಿ ಇಳಿದವರಿಗೆ ಮೊದಲು ಬೇಕಾದದ್ದು ಕಿಸೆಗೆ ಭಾರವಾಗದ ಊಟ ಮತ್ತು ಮಲಗಲು ಒಂದು ಜಾಗ.

ಅದನ್ನು ಒದಗಿಸಿದವರಲ್ಲಿ ಉಡುಪಿ ಹೋಟೆಲಿನವರು ಮುಖ್ಯರು. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಆರಂಭಿಸಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಎಗ್ಮೋರಿನ ಪೂನಮಲ್ಲಿ ಹೈರೋಡಿನಲ್ಲಿ ಕೆ. ಸೀತಾರಾಮರಾಯರ ದಾಸಪ್ರಕಾಶ ಎದ್ದಿತು. ಇವು ದೊಡ್ಡ ಹೆಸರುಗಳು. ಇವುಗಳ ಹಿಂದೆ ಹೆಸರಿಲ್ಲದ ಎಷ್ಟೋ ಸಣ್ಣ ಹೋಟೆಲುಗಳಿದ್ದವು. ಒಬ್ಬ ಗುಮಾಸ್ತನೋ ವಿದ್ಯಾರ್ಥಿಯೋ ಮನೆ ಮಾಡದೆ, ಅಡುಗೆಯವರನ್ನು ಇಟ್ಟುಕೊಳ್ಳದೆ ಮದ್ರಾಸಿನಲ್ಲಿ ಬದುಕಲು ಸಾಧ್ಯವಾದದ್ದು ಇಂಥ ಹೋಟೆಲುಗಳ ತಿಂಡಿ–ಊಟದಿಂದ.

ಆ ಊಟ ಅಗ್ಗವಾಗಿದ್ದುದು ಹೇಗೆ? ಕರಾವಳಿಯ ಬಡಮನೆಗಳಿಂದ ಬಂದ ಹುಡುಗರು ಲೋಟ ತೊಳೆಯುತ್ತಿದ್ದರು, ಹಿಟ್ಟು ರುಬ್ಬುತ್ತಿದ್ದರು, ರಾತ್ರಿ ಬೆಂಚು ಜೋಡಿಸಿ ಅಲ್ಲೇ ಮಲಗುತ್ತಿದ್ದರು. ಊಟ–ವಸತಿಯೇ ಸಂಬಳದ ದೊಡ್ಡ ಪಾಲು. ಕ್ಲೀನರ್ ಆಗಿ ಬಂದವನು ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕೂತ ಕಥೆಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಗಲ್ಲಾ ತಲುಪದವರ ಕಥೆ ಯಾರೂ ಹೇಳುವುದಿಲ್ಲ. ಹೋಟೆಲ್ ನೌಕರರ ದುಡಿಮೆಯ ಗಂಟೆಗಳಿಗೂ ವಾರದ ರಜೆಗೂ ಮದ್ರಾಸ್ ರಾಜ್ಯ ಪ್ರತ್ಯೇಕ ಕಾನೂನು ಮಾಡಿದ್ದು 1958ರಲ್ಲಿ. ಅಂದರೆ ವುಡ್‌ಲ್ಯಾಂಡ್ಸ್ ತೆರೆದು ಇಪ್ಪತ್ತು ವರ್ಷಗಳ ಮೇಲೆ.

ಅಗ್ಗ ಮಾಡುವ ಇನ್ನೊಂದು ಕೈ ಸರ್ಕಾರದ್ದು. 1967ರ ಚುನಾವಣೆಯಲ್ಲಿ ಡಿಎಂಕೆ ರೂಪಾಯಿಗೆ ಮೂರು ಪಡಿ ಅಕ್ಕಿಯ ಮಾತಾಡಿತು. ಅಧಿಕಾರಕ್ಕೆ ಬಂದ ಅಣ್ಣಾದೊರೈ ಅವರು ಮದ್ರಾಸು, ಕೊಯಮತ್ತೂರುಗಳಲ್ಲಿ ಕೊಡಲು ಸಾಧ್ಯವಾದದ್ದು ಒಂದು ಪಡಿ. ಬೊಕ್ಕಸಕ್ಕೆ ಅದೂ ಭಾರವಾಯಿತು. ಆದರೂ ಆ ದಾರಿ ಮುಚ್ಚಲಿಲ್ಲ. 2011ರಲ್ಲಿ ಪಡಿತರದ ಅಕ್ಕಿ ಪುಕ್ಕಟೆಯಾಯಿತು. 2013ರಲ್ಲಿ ಅಮ್ಮಾ ಉಣವಗಂ ಬಂದು ಇಡ್ಲಿ ಒಂದು ರೂಪಾಯಿಗೆ ಸಿಕ್ಕಿತು. ಇಲ್ಲಿ ವೆಚ್ಚ ಮಾಯವಾಗಲಿಲ್ಲ, ತೆರಿಗೆ ಕಟ್ಟುವ ಎಲ್ಲರ ಮೇಲೆ ಹಂಚಿಹೋಯಿತು. ಹುಡುಗನೊಬ್ಬನ ನಿದ್ದೆಯಿಂದ ಕಡಿದುಕೊಂಡ ಅಗ್ಗಕ್ಕಿಂತ ಇದು ನ್ಯಾಯವಾದ ಅಗ್ಗ ಎಂದು ನನ್ನ ಎಣಿಕೆ.

ಬಾಡಿಗೆಯ ಕಥೆ ಇಷ್ಟು ಸರಳವಲ್ಲ. 1960ರ ಬಾಡಿಗೆ ನಿಯಂತ್ರಣ ಕಾಯಿದೆ ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡಲು ಅವಕಾಶ ಕೊಟ್ಟಿತು. ಹಳೆಯ ಬಾಡಿಗೆದಾರರಿಗೆ ಅದು ರಕ್ಷೆ. ಆದರೆ ಬಾಡಿಗೆ ಏರದ ಮನೆಗೆ ಸುಣ್ಣ ಹೊಡೆಸಲು ಮಾಲೀಕನಿಗೆ ಮನಸ್ಸು ಬಾರದು. ಹೊಸಬನಿಗೆ ಮನೆ ಕೊಡಲೂ ಹಿಂಜರಿಕೆ. ಹಳಬನ ಅಗ್ಗದ ಬೆಲೆಯನ್ನು ಹೀಗೆ ಸ್ವಲ್ಪಮಟ್ಟಿಗೆ ಹೊಸ ವಲಸಿಗನೇ ತೆತ್ತ. ಆ ಕಾಯಿದೆ ಹೋಗಿ 2017ರ ಹೊಸ ಕಾಯಿದೆ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಈಗ ಬಾಡಿಗೆ ಎಷ್ಟೆಂಬುದು ಬರೆದ ಕರಾರಿನ ಮಾತು.

ಅಮೆರಿಕದಲ್ಲಿರುವ ಗೆಳೆಯರಿಗೂ ಈ ಲೆಕ್ಕ ಹೊರಗಿನದಲ್ಲ. ಅಲ್ಲಿನ ಅಗ್ಗದ ರಾಜ್ಯಗಳ ಮಾತು ಬಂದಾಗ ಮಿಸಿಸಿಪ್ಪಿಯ ಹೆಸರು ಮುಂದಿರುತ್ತದೆ. ಆ ರಾಜ್ಯಕ್ಕೆ ತನ್ನದೇ ಆದ ಕನಿಷ್ಠ ವೇತನದ ಕಾನೂನೇ ಇಲ್ಲ. ಕೇಂದ್ರ ಸರ್ಕಾರ 2009ರಲ್ಲಿ ನಿಗದಿಮಾಡಿದ ಗಂಟೆಗೆ 7.25 ಡಾಲರೇ ಅಲ್ಲಿಯ ಗತಿ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ಮನೆಯ ಮೇಲಿನ ತೆರಿಗೆ ಜೋರು. ಹೊರಗಿನ ಸಂಬಳ ಹೊತ್ತು ಹೋದವನಿಗೆ ಅಗ್ಗವಾದ ಊರು, ಅಲ್ಲೇ ದುಡಿದು ಉಣ್ಣುವವನಿಗೆ ಅಗ್ಗವಾಗಿರಬೇಕೆಂದಿಲ್ಲ.

ಹಾಗೆಂದು ಅಗ್ಗದ ಊರು ಹುಡುಕುವುದು ತಪ್ಪಲ್ಲ. ನಮ್ಮ ಹಿರಿಯರು ಮದ್ರಾಸಿಗೆ ಬಂದದ್ದೂ ಅದಕ್ಕೇ. ಆದರೆ ಬಾಡಿಗೆ, ದಿನಸಿ, ಪ್ರಯಾಣ ಎಂದು ಪಟ್ಟಿ ಮಾಡುವಾಗ ಇನ್ನೊಂದು ಸಾಲು ಸೇರಿಸಿಕೊಳ್ಳಬಹುದು: ಉಳಿದದ್ದನ್ನು ಕಟ್ಟುತ್ತಿರುವವರು ಯಾರು?